ಹುಳಿ ಜಾಸ್ತಿ ಇದ್ದರೆ ವಿಟಮಿನ್ ಸಿ ಜಾಸ್ತಿಯೇ?

"ಮೇಡಂ, ನಮ್ಮನೇಲಿ ದಿನಾ ಹುಣಸೆಹುಳಿ ಹಾಕಿದ ಸಾರು. ವಿಟಮಿನ್ ಸಿ ಹೇಗೆ ಕಮ್ಮಿ ಆಗುತ್ತೆ?" ಆಹಾರ ಸಲಹೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ನಾಲಿಗೆಯನ್ನು ಇಷ್ಟು ನಂಬಬೇಡಿ.

ಹುಳಿ ಎಂದರೆ ಆಮ್ಲದ ರುಚಿ, ಅಷ್ಟೆ. ಅದು ಯಾವ ಆಮ್ಲ ಅಂತ ನಾಲಿಗೆ ಹೇಳುವುದಿಲ್ಲ. ಹುಣಸೆಯದು ಟಾರ್ಟಾರಿಕ್ ಆಮ್ಲ. ಅದರಲ್ಲಿ ವಿಟಮಿನ್ ಸಿ ಇರುವುದು ತೀರಾ ಕಡಿಮೆ. ಮೊಸರಿನದು ಲ್ಯಾಕ್ಟಿಕ್ ಆಮ್ಲ. ನಿಂಬೆಯಲ್ಲಿ ವಿಟಮಿನ್ ಸಿ ಇದೆ, ನಿಜ. ವಿಟಮಿನ್ ಸಿಯೂ ಒಂದು ಆಮ್ಲವೇ. ಅದರ ಬರೀ ಪುಡಿ ನೆಕ್ಕಿದರೆ ಹುಳಿ ಗೊತ್ತಾಗುತ್ತದೆ. ಆದರೆ 100 ಗ್ರಾಂ ನಿಂಬೆರಸದಲ್ಲಿ ಅದು ಇರುವುದು ಸುಮಾರು 40 ಮಿಲಿಗ್ರಾಂ. ಸಿಟ್ರಿಕ್ ಆಮ್ಲ ಅದರ 100 ಪಟ್ಟಿಗೂ ಜಾಸ್ತಿ. ನೀವು ಮುಖ ಕಿವುಚುವುದು ಸಿಟ್ರಿಕ್ ಆಮ್ಲಕ್ಕೆ, ವಿಟಮಿನ್ನಿಗಲ್ಲ.

ಗಾಂಧಿ ಬಜಾರಿನಲ್ಲಿ ಉಪ್ಪು ಖಾರ ಹಚ್ಚಿ ಕೊಡುವ ಸೀಬೆಹಣ್ಣು ತೆಗೆದುಕೊಳ್ಳಿ. 100 ಗ್ರಾಂಗೆ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ! ತಿಂದರೆ ಸಿಹಿ, ಅಲ್ವಾ? ಹುಳಿಯೇ ಇಲ್ಲದ ದಪ್ಪ ಮೆಣಸಿನಕಾಯಲ್ಲೂ ನಿಂಬೆರಸಕ್ಕಿಂತ ಜಾಸ್ತಿ ಇದೆ.

1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಇದನ್ನೇ ಕಂಡರು. ಸ್ಕರ್ವಿ (ವಿಟಮಿನ್ ಸಿ ಕೊರತೆಯಿಂದ ಒಸಡಿನಲ್ಲಿ ರಕ್ತ ಬರುವ ರೋಗ) ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಬೇರೆ ಮಾಡಿದರು. ಇಬ್ಬರಿಗೆ ವಿನಿಗರ್, ಇಬ್ಬರಿಗೆ ನೀರು ಬೆರೆಸಿದ ಗಂಧಕಾಮ್ಲ, ಇಬ್ಬರಿಗೆ ಕಿತ್ತಳೆ ಮತ್ತು ನಿಂಬೆ. ಮೂರೂ ಹುಳಿಯೇ. ಬೇಗ ಎದ್ದು ಓಡಾಡಿದವರು ಹಣ್ಣು ತಿಂದವರು.

ಒಸಡಿನಲ್ಲಿ ರಕ್ತ ಬರುತ್ತದೆಂದು ಒಬ್ಬ ಅಜ್ಜಿ ಸಾರಿಗೆ ಹುಣಸೆ ಸುರಿದು, ಎದೆಯುರಿಯನ್ನೂ ತಂದುಕೊಂಡಿದ್ದರು. ಪಾಪ, ಮೊಮ್ಮಕ್ಕಳಿಗೂ ಅದನ್ನೇ ಬಡಿಸುತ್ತಿದ್ದರು, ಒಳ್ಳೆಯದಾಗಲಿ ಅಂತ. ಒಸಡಿನ ರಕ್ತಕ್ಕೆ ಬೇರೆ ಕಾರಣಗಳೂ ಇರುತ್ತವೆ. ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ.

"ಬಿ ಕಾಂಪ್ಲೆಕ್ಸ್ ಮಾತ್ರೆ ವಾಸನೆ ಹೊಡೆಯುತ್ತಲ್ಲ, ಅಂದ್ರೆ ವಿಟಮಿನ್ ಇರೋದು ಗೊತ್ತಾಗುತ್ತಲ್ವಾ?" ಎನ್ನುತ್ತಾರೆ ಕೆಲವರು. ಹೌದು, ಮಾತ್ರೆಯಲ್ಲಿ ಬಿ1 ಒತ್ತಿ ತುಂಬಿರುತ್ತದೆ. ಊಟದಲ್ಲಿ ಅಷ್ಟು ಇರುವುದಿಲ್ಲ. ಬಿ12 ಅಂತೂ ದಿನಕ್ಕೆ ಬೇಕಿರುವುದೇ 2-3 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಎರಡು ಮೂರು ಪಾಲು. ಅದು ಯಾವ ನಾಲಿಗೆಗೆ ಸಿಗುತ್ತದೆ? ಸಸ್ಯಾಹಾರಿಗಳೇ, ನಿಮ್ಮಲ್ಲಿ ಬಿ12 ಕಮ್ಮಿ ಆಗಬಹುದು; ಸುಸ್ತು, ಕೈಕಾಲು ಜೋಮು ಇದ್ದರೆ ಸುಮ್ನೆ ಊಹಿಸಬೇಡಿ. ಡಾಕ್ಟರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ.