ಜಾರ್ಜ್ ವಾಷಿಂಗ್ಟನ್ ಕಾಗದಪತ್ರಗಳು: ಒಂದು ಮನೆತನದ ಸಂಗ್ರಹವನ್ನು ಓದುವ ಬಗೆ

ಸೇನೆಯಲ್ಲಿದ್ದು ಆಮೇಲೆ ರಾಜಕಾರಣಕ್ಕೆ ಬಂದವರ ಮನೆತನದ ಕಾಗದಪತ್ರಗಳನ್ನು ಆಕರವಾಗಿ ಬಳಸುವಾಗ, ಪತ್ರದಲ್ಲಿ ಏನಿದೆ ಎಂದು ನೋಡುವ ಮೊದಲು ಅದು ಯಾರ ಯಾರ ಕೈ ದಾಟಿ ಬಂದಿದೆ ಎಂಬುದನ್ನು ತಿಳಿದುಕೊಳ್ಳಬೇಕಾಗುತ್ತದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ (1732–1799) ಅವರ ಕಾಗದಪತ್ರಗಳಷ್ಟು ಇದನ್ನು ಚೆನ್ನಾಗಿ ಕಲಿಸುವ ಸಂಗ್ರಹ ಸಿಗುವುದು ಕಷ್ಟ. ಈಗ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಈ ಸಂಗ್ರಹದಲ್ಲಿ ಸುಮಾರು 77,000 ದಾಖಲೆಗಳಿವೆ. ಸಂಖ್ಯೆ ನೋಡಿದವರಿಗೆ ಎಲ್ಲವೂ ಉಳಿದುಬಂದಿದೆ ಅನ್ನಿಸಬಹುದು. ಆದರೆ ಅದರಲ್ಲಿ ಬಹಳಷ್ಟು ಒಬ್ಬರಲ್ಲ ಒಬ್ಬರು ಆರಿಸಿದ್ದು, ತಿದ್ದಿದ್ದು ಇಲ್ಲವೇ ಹಂಚಿ ಮಿಕ್ಕಿದ್ದು.

ತಿದ್ದುವ ಕೆಲಸ ಆರಂಭವಾಗುವುದು ಸ್ವತಃ ವಾಷಿಂಗ್ಟನ್ ಅವರಿಂದಲೇ. 1750ರ ದಶಕದಲ್ಲಿ ಫ್ರೆಂಚರ ವಿರುದ್ಧದ ಯುದ್ಧ ನಡೆದಾಗ ಅವರು ವರ್ಜೀನಿಯಾದ ತರುಣ ಕರ್ನಲ್; ತಾವು ಕಳುಹಿಸಿದ ಪತ್ರಗಳ ನಕಲನ್ನು ಪುಸ್ತಕಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಸುಮಾರು ಮೂರು ದಶಕಗಳ ನಂತರ, ಸ್ವಾತಂತ್ರ್ಯ ಯುದ್ಧವನ್ನು ಗೆದ್ದು ಮನೆಗೆ ಮರಳಿದ ಮೇಲೆ, ಅದೇ ಪುಸ್ತಕಗಳನ್ನು ತೆಗೆದು ಕಾಗುಣಿತ, ವ್ಯಾಕರಣ, ವಾಕ್ಯರಚನೆಗಳನ್ನು ತಿದ್ದಿ, ಗುಮಾಸ್ತನಿಂದ ಶುದ್ಧಪ್ರತಿ ಮಾಡಿಸಿದರು. ಹೀಗಾಗಿ ಇಪ್ಪತ್ತರ ಹರೆಯದವನು ಅವಸರದಲ್ಲಿ ಬರೆದ ಪತ್ರವೆಂದು ನಾವು ಓದುವುದು ಐವತ್ತು ದಾಟಿದ ಸೇನಾನಿಯ ಮಾತಿನಲ್ಲಿರಬಹುದು. ಇದಕ್ಕೆ ಪರಿಹಾರವೆಂದರೆ ಪತ್ರವನ್ನು ಪಡೆದವರ ಬಳಿ ಉಳಿದ ಪ್ರತಿಯನ್ನು ಹುಡುಕುವುದು. 1758ರಲ್ಲಿ ಫ್ರೆಂಚರ ಕೋಟೆಯಾದ ಫೋರ್ಟ್ ಡ್ಯೂಕೇನ್ ಮೇಲಿನ ದಂಡಯಾತ್ರೆಗೆ ಯಾವ ದಾರಿ ಹಿಡಿಯಬೇಕೆಂಬ ಬಗ್ಗೆ ವಾಷಿಂಗ್ಟನ್ ಅವರು ಬ್ರಿಟಿಷ್ ಸೇನೆಯ ಅಧಿಕಾರಿ ಹೆನ್ರಿ ಬೊಕೆ ಅವರೊಂದಿಗೆ ಪತ್ರಗಳಲ್ಲಿ ಬಿರುಸಾಗಿ ವಾದಿಸಿದ್ದರು. ಬೊಕೆ ಅವರ ಕಾಗದಪತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವುದರಿಂದ, ತಿದ್ದುಪಡಿಯ ಕೈ ಸೋಕದ ಪ್ರತಿಗಳು ಅಲ್ಲಿ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ಮಾತ್ರ ವ್ಯಕ್ತಿ ಎಷ್ಟು ಬದಲಾಗಿದ್ದಾರೆ, ತಮ್ಮನ್ನು ಹೇಗೆ ಕಾಣಿಸಿಕೊಳ್ಳಬಯಸಿದ್ದರು ಎಂಬುದು ತಿಳಿಯುತ್ತದೆ. ತಿದ್ದುಪಡಿಯನ್ನು ಮೋಸವೆಂದು ಕರೆಯುವ ಅಗತ್ಯವಿಲ್ಲ. ಅದೂ ಒಂದು ದಾಖಲೆಯೇ, ಆದರೆ 1780ರ ದಶಕದ ದಾಖಲೆ.

ಸ್ವಾತಂತ್ರ್ಯ ಯುದ್ಧದ ಕಾಲದ ಪತ್ರಗಳ ಕಥೆ ಬೇರೆ. ಯುದ್ಧ ಮುಗಿಯುವ ಮುನ್ನವೇ ಪ್ರಧಾನ ಕಚೇರಿಯ ಕಾಗದಗಳು ಬಿಡಿ ಹಾಳೆಗಳಲ್ಲಿ ಹಾಳಾಗುತ್ತಿರುವುದನ್ನು ಕಂಡು ವಾಷಿಂಗ್ಟನ್ ಅವರು ಅಮೆರಿಕದ ಕಾಂಗ್ರೆಸ್ಸಿನ ಒಪ್ಪಿಗೆ ಕೇಳಿದರು. 1781ರಲ್ಲಿ ರಿಚರ್ಡ್ ವ್ಯಾರಿಕ್ ಎಂಬ ಅಧಿಕಾರಿಯನ್ನು ಈ ಕೆಲಸಕ್ಕೆ ನೇಮಿಸಲಾಯಿತು. ಅವರು ನ್ಯೂಯಾರ್ಕ್ ಪ್ರಾಂತದ ಪೊಕಿಪ್ಸಿಯಲ್ಲಿ ಗುಮಾಸ್ತರನ್ನು ಕೂರಿಸಿಕೊಂಡು ಪತ್ರಗಳನ್ನು ವಿಷಯವಾರು ವಿಂಗಡಿಸಿ 44 ಸಂಪುಟಗಳಲ್ಲಿ ನಕಲು ಮಾಡಿಸಿದರು. ವಾಷಿಂಗ್ಟನ್ ಅವರು ಕೊಟ್ಟ ಸೂಚನೆಗಳು ಗಮನಾರ್ಹ: ಗುಮಾಸ್ತರ ಅಕ್ಷರ ದುಂಡಾಗಿಯೂ ತಪ್ಪಿಲ್ಲದೆಯೂ ಇರಬೇಕು, ಸಮ ಅಂತರದ ಗೆರೆಗಳ ಮೇಲೆಯೇ ಬರೆಯಬೇಕು, ಎಲ್ಲ ಪುಸ್ತಕಗಳ ಅಂಚೂ ಒಂದೇ ಅಳತೆಯದಾಗಿರಬೇಕು. ಗುಂಡಿನ ದಾಳಿಯ ನಡುವೆ ಅಂಚಿನ ಅಳತೆಯನ್ನು ಯೋಚಿಸುವ ಸೇನಾನಿಗೆ ಮುಂದಿನ ಪೀಳಿಗೆ ತಮ್ಮನ್ನು ಓದಲಿದೆ ಎಂಬ ಅರಿವು ಚೆನ್ನಾಗಿಯೇ ಇತ್ತು. ಯುದ್ಧ ಮುಗಿದ ಮೇಲೆ ಸೇನೆಯ ಈ ಕಾಗದಗಳು ಸರ್ಕಾರದ ಉಗ್ರಾಣಕ್ಕೆ ಹೋಗದೆ, 1783ರ ಕೊನೆಯಲ್ಲಿ ಗಾಡಿಯ ಮೇಲೆ ಅವರ ಮನೆಯಾದ ಮೌಂಟ್ ವರ್ನನ್ ಸೇರಿದವು. ಮುಂದೆ ಅಧ್ಯಕ್ಷರಾಗಿದ್ದಾಗಿನ ಕಾಗದಗಳೂ ಅಲ್ಲಿಗೇ ಬಂದವು. ಇದರಲ್ಲಿ ಆಗ ಯಾರಿಗೂ ತಪ್ಪು ಕಾಣಲಿಲ್ಲ. 1978ರ ಕಾಯ್ದೆ ಬರುವವರೆಗೂ ಅಧ್ಯಕ್ಷರ ಕಾಗದಪತ್ರಗಳು ಅವರ ಸ್ವಂತ ಸೊತ್ತು ಎಂಬ ರೂಢಿಯೇ ಅಮೆರಿಕದಲ್ಲಿ ನಡೆದುಬಂದಿತ್ತು.

ಸಾಯುವ ಹಾಸಿಗೆಯಲ್ಲೂ ಅವರು ಕಾರ್ಯದರ್ಶಿ ಟೋಬಿಯಾಸ್ ಲಿಯರ್ ಅವರಿಗೆ ಇತ್ತೀಚಿನ ಸೇನಾ ಪತ್ರಗಳನ್ನು ಜೋಡಿಸಿ ದಾಖಲಿಸುವಂತೆ, ಲೆಕ್ಕಪತ್ರಗಳನ್ನು ಚುಕ್ತಾ ಮಾಡುವಂತೆ ಹೇಳಿದ್ದರು. ಇದನ್ನು ಲಿಯರ್ ಅವರೇ ಬರೆದಿಟ್ಟಿದ್ದಾರೆ. ಉಯಿಲಿನ ಪ್ರಕಾರ ಕಾಗದಗಳು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಸೋದರನ ಮಗ ಬುಶ್‌ರಾಡ್ ವಾಷಿಂಗ್ಟನ್ ಅವರ ಪಾಲಿಗೆ ಬಂದವು. ಆದರೆ ಪತಿ-ಪತ್ನಿಯರ ನಡುವಿನ ಪತ್ರಗಳು ಅವರ ಕೈ ಸೇರಲಿಲ್ಲ. ಅವನ್ನು ಮಾರ್ಥಾ ವಾಷಿಂಗ್ಟನ್ ಅವರು ಸುಟ್ಟುಹಾಕಿದರೆಂದು ನಂಬಲಾಗಿದೆ. ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. 1775ರ ಜೂನ್ 18ರಂದು, ಸೇನೆಯ ಮುಖ್ಯಸ್ಥರಾಗಿ ನೇಮಕಗೊಂಡ ಸುದ್ದಿಯನ್ನು ಹೆಂಡತಿಗೆ ತಿಳಿಸಿ ಫಿಲಡೆಲ್ಫಿಯಾದಿಂದ ಬರೆದ ಪತ್ರ ಅವುಗಳಲ್ಲಿ ಒಂದು. ಅದು ಮೊಮ್ಮಗಳ ಪಾಲಿಗೆ ಬಂದ ಬರೆಯುವ ಮೇಜಿನ ಖಾನೆಯಲ್ಲಿ ಸಿಕ್ಕಿತೆಂದು ಮನೆತನದ ಹೇಳಿಕೆ. ಎಷ್ಟು ಹುಡುಕಿದರೂ ಅವರ ಬರಹದಲ್ಲಿ ಸಂಸಾರ ಕಾಣುವುದಿಲ್ಲ ಎಂದು ದೂರುವ ಮೊದಲು ಇದು ನಮ್ಮ ಗಮನದಲ್ಲಿರಬೇಕು: ಆ ಬಗೆಯ ಕಾಗದವೇ ಇಲ್ಲದ ಕಡೆ, ಇಲ್ಲದಿರುವುದರಿಂದ ಸ್ವಭಾವವನ್ನು ಊಹಿಸುವಂತಿಲ್ಲ.

ಬುಶ್‌ರಾಡ್ ಅವರು ಉದಾರಿ, ಆದರೆ ಕಾವಲುಗಾರರಾಗಿ ಅಷ್ಟೇನೂ ಎಚ್ಚರದವರಲ್ಲ. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರಿಗೆ ಜೀವನಚರಿತ್ರೆ ಬರೆಯಲೆಂದು ಕೊಟ್ಟ ಕಾಗದಗಳನ್ನು ಇಲಿಗಳು ಕಡಿದಿದ್ದವು, ತೇವ ಕೆಡಿಸಿತ್ತು ಎಂದು ಬುಶ್‌ರಾಡ್ ಅವರೇ ಮುಂದೆ ಬರೆದುಕೊಂಡರು. ಇನ್ನು ಹಸ್ತಾಕ್ಷರ ಸಂಗ್ರಾಹಕರ ಕಾಟ. ವಿಲಿಯಂ ಸ್ಪ್ರೇಗ್ ಎಂಬ ತರುಣ, ನಕಲು ಇಟ್ಟುಹೋಗಬೇಕೆಂಬ ಷರತ್ತಿನ ಮೇಲೆ, ಸುಮಾರು 1,500 ಮೂಲಪತ್ರಗಳನ್ನು ಕೊಂಡೊಯ್ದರು. ಇಂದಿನ ಪತ್ರಾಗಾರದ ಯಾವ ಅಧಿಕಾರಿಯೂ ಇಂಥ ಒಪ್ಪಂದವನ್ನು ಕನಸಿನಲ್ಲೂ ಒಪ್ಪಲಾರರು.

ಅತಿ ಹೆಚ್ಚು ಪಾಠ ಇರುವುದು ಸಂಪಾದಕ ಜ್ಯಾರೆಡ್ ಸ್ಪಾರ್ಕ್ಸ್ ಅವರ ಪ್ರಸಂಗದಲ್ಲಿ. ಅವರು 1827ರಲ್ಲಿ ಕಾಗದಗಳನ್ನು ಬಾಸ್ಟನ್‌ಗೆ ಒಯ್ದು 1834–37ರ ನಡುವೆ 12 ಸಂಪುಟಗಳಲ್ಲಿ ಆಯ್ದ ಬರಹಗಳನ್ನು ಪ್ರಕಟಿಸಿದರು. ಅಷ್ಟು ದೊಡ್ಡ ಕೆಲಸವನ್ನು ಅವರಿಗಿಂತ ಮೊದಲು ಯಾರೂ ಮಾಡಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಮಹಾಪುರುಷನ ಬಾಯಲ್ಲಿ ಹಗುರ ಮಾತು ಬರಬಾರದೆಂಬುದು ಅವರ ನಿಲುವು. ಯುದ್ಧಕಾಲದಲ್ಲಿ ತಮ್ಮ ಕಾರ್ಯದರ್ಶಿಯಾಗಿದ್ದ ಜೋಸೆಫ್ ರೀಡ್ ಅವರಿಗೆ ಬರೆದ ಪತ್ರಗಳಲ್ಲಿ ವಾಷಿಂಗ್ಟನ್ ಅವರು ಪಟ್ನಮ್ ಎಂಬ ಸೇನಾನಿಯನ್ನು ಸಲಿಗೆಯಿಂದ ‘ಮುದುಕ ಪಟ್’ ಎಂದಿದ್ದರೆ ಸ್ಪಾರ್ಕ್ಸ್ ಅದನ್ನು ‘ಜನರಲ್ ಪಟ್ನಮ್’ ಮಾಡಿದರು. ಇದ್ದ ಹಣ ‘ಚಿಗಟ ಕಚ್ಚಿದಷ್ಟೇ’ ಎಂಬ ಮಾತಿನ ಜಾಗದಲ್ಲಿ ‘ನಮ್ಮ ಅಗತ್ಯಕ್ಕೆ ಏನೇನೂ ಸಾಲದು’ ಎಂಬ ಗಂಭೀರ ವಾಕ್ಯವನ್ನು ಇಟ್ಟರು. ರೀಡ್ ಮನೆತನದವರು ತಮ್ಮಲ್ಲಿದ್ದ ಮೂಲಪತ್ರಗಳನ್ನು 1847ರಲ್ಲಿ ಪ್ರಕಟಿಸಿದ್ದರಿಂದ ಇದು ಹೊರಬಿತ್ತು. ಇಲ್ಲಿಯೂ ನಮ್ಮನ್ನು ಕಾಪಾಡಿದ್ದು ಪತ್ರ ಪಡೆದವರ ಪ್ರತಿಯೇ.

ಇದಕ್ಕಿಂತ ದೊಡ್ಡ ನಷ್ಟವೆಂದರೆ ವಾಷಿಂಗ್ಟನ್ ಅವರು 1789ರಲ್ಲಿ ಅಧಿಕಾರ ಸ್ವೀಕಾರಕ್ಕೆಂದು ಸಿದ್ಧಪಡಿಸಿ, ಕೊನೆಗೆ ಕೈಬಿಟ್ಟ ಭಾಷಣದ್ದು. ಅದು ಅವರದೇ ಕೈಬರಹದ 73 ಪುಟಗಳಲ್ಲಿತ್ತು. ಪ್ರಕಟಿಸುವುದು ಬೇಡವೆಂದು ಮಾಜಿ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಅವರೂ ಅಭಿಪ್ರಾಯಪಟ್ಟ ಮೇಲೆ ಸ್ಪಾರ್ಕ್ಸ್ ಅದನ್ನು ತುಂಡುತುಂಡಾಗಿ ಕತ್ತರಿಸಿ, ವಾಷಿಂಗ್ಟನ್ ಅಕ್ಷರದ ಮಾದರಿ ಬೇಕೆಂದು ಕೇಳಿದವರಿಗೆ ಹಂಚಿದರು. ಆ ಚೂರುಗಳಲ್ಲಿ ಕೆಲವನ್ನು ಮಾತ್ರ ವಿದ್ವಾಂಸರು ಮತ್ತೆ ಜೋಡಿಸಲು ಸಾಧ್ಯವಾಗಿದೆ. ವಾಕ್ಯದ ನಡುವೆಯೇ ಕತ್ತರಿ ಆಡಿರುವುದರಿಂದ, ಒಂದು ಚೂರಿನ ಹಿಂಬದಿಯ ಬರಹ ಎಷ್ಟೋ ಸಲ ಮುಂಬದಿಯ ವಿಷಯಕ್ಕೆ ಸಂಬಂಧವೇ ಇಲ್ಲದ ತುಣುಕಾಗಿ ಉಳಿಯುತ್ತದೆ. ರಾಜಕಾರಣಿಯಾಗಿ ವಾಷಿಂಗ್ಟನ್ ಅವರು ಹೇಳಬೇಕೆಂದುಕೊಂಡು ಹೇಳದೆ ಬಿಟ್ಟದ್ದು ಏನೆಂಬ ಪ್ರಶ್ನೆಗೆ ಪೂರ್ಣ ಉತ್ತರ ಸಿಗದಿರುವುದು ಈ ಕಾರಣದಿಂದ.

ಬುಶ್‌ರಾಡ್ ಅವರ ವಾರಸುದಾರ ಜಾರ್ಜ್ ಕಾರ್ಬಿನ್ ವಾಷಿಂಗ್ಟನ್ ಅವರು ಸಾರ್ವಜನಿಕ ಕಾಗದಗಳನ್ನು 1834ರಲ್ಲಿ 25,000 ಡಾಲರಿಗೂ, ಖಾಸಗಿ ಕಾಗದಗಳನ್ನು 1849ರಲ್ಲಿ 20,000 ಡಾಲರಿಗೂ ಸರ್ಕಾರಕ್ಕೆ ಮಾರಿದರು. ವಿದೇಶಾಂಗ ಇಲಾಖೆಯಲ್ಲಿದ್ದ ಅವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು.

ಅಲ್ಲಿ ಸಂಗ್ರಹವನ್ನು ಒಂಬತ್ತು ಶ್ರೇಣಿಗಳಾಗಿ ವಿಂಗಡಿಸಲಾಗಿದೆ. ಮೊದಲ ಶ್ರೇಣಿಯಲ್ಲಿ ಬಾಲ್ಯದ ಅಭ್ಯಾಸ ಪುಸ್ತಕಗಳು, ದಿನಚರಿಗಳು, ಭೂಮಾಪನದ ಕಾಗದಗಳಿವೆ, ಮೂರನೆಯದು ವ್ಯಾರಿಕ್ ನಕಲುಗಳದು, ನಾಲ್ಕನೆಯದು ಸಾಮಾನ್ಯ ಪತ್ರವ್ಯವಹಾರ, ಐದನೆಯದು ಲೆಕ್ಕಪತ್ರಗಳು. ಹೊಸ ಸರ್ಕಾರದಲ್ಲಿ ಕೆಲಸ ಕೊಡಿರೆಂದು ಬಂದ ಅರ್ಜಿಗಳ ಏಳನೆಯ ಶ್ರೇಣಿಯನ್ನು ಹಲವರು ತೆರೆಯುವುದೇ ಇಲ್ಲ. ಸೇನಾನಿ ರಾಜಕಾರಣಿಯಾದಾಗ ಹಳೆಯ ಸೈನಿಕರು ಯುದ್ಧದ ಋಣವನ್ನು ಹೇಗೆ ನೆನಪಿಸುತ್ತಿದ್ದರು ಎಂಬುದನ್ನು ತಿಳಿಯಲು ಭಾಷಣಗಳಿಗಿಂತ ಈ ಅರ್ಜಿಗಳೇ ಮೇಲು ಎಂಬುದು ನನ್ನ ಅಭಿಪ್ರಾಯ. ಹಾಗೆಯೇ, 1799ರಲ್ಲಿ ಅವರು ಮೌಂಟ್ ವರ್ನನ್‌ನ ಗುಲಾಮರ ಪಟ್ಟಿಯೊಂದನ್ನು ಸ್ವಹಸ್ತದಿಂದ ಬರೆದರು. ಆಗ ಅಲ್ಲಿದ್ದವರು 317 ಮಂದಿ. ಅವರಲ್ಲಿ 123 ಮಂದಿ ಮಾತ್ರ ಅವರ ಸ್ವಂತಕ್ಕೆ ಸೇರಿದವರು. ತಮ್ಮದೆಂದು ಒಂದು ಹಾಳೆಯನ್ನೂ ಉಳಿಸಲಾಗದ ಆ ಜನರ ಹೆಸರು, ಕೆಲಸ, ಗಂಡ-ಹೆಂಡಿರ ಸಂಬಂಧಗಳು ಯಜಮಾನನ ಲೆಕ್ಕದ ಹಾಳೆಯಲ್ಲಿ ಸಿಗುತ್ತವೆ. ಆ ಪಟ್ಟಿಯನ್ನು ಬರೆದವರ ಉದ್ದೇಶವನ್ನೂ ಅದರಲ್ಲಿ ಹೆಸರಿರುವವರ ಬದುಕನ್ನೂ ಬೇರೆಬೇರೆಯಾಗಿ ಓದಬೇಕು.

ಪ್ರಬಂಧಕ್ಕೆ ವಾಷಿಂಗ್ಟನ್ ಅವರ ಪತ್ರವೊಂದನ್ನು ಬಳಸುವಾಗ ಅದು ಕರಡೇ, ಅವರೇ ಇಟ್ಟುಕೊಂಡ ನಕಲೇ, ತಿದ್ದಿದ ನಕಲೇ, ವ್ಯಾರಿಕ್ ಅವರ ಗುಮಾಸ್ತರು ಬರೆದದ್ದೇ ಅಥವಾ ಪಡೆದವರ ಕೈಯಲ್ಲಿ ಉಳಿದ ಪ್ರತಿಯೇ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಬರೆಯುವುದು ಒಳ್ಳೆಯದು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಆರಂಭವಾದ ಸಂಪಾದನಾ ಯೋಜನೆಯ ಸಂಪುಟಗಳು ಪ್ರತಿ ಪತ್ರದ ಕೆಳಗೂ ಈ ಮಾಹಿತಿಯನ್ನು ಕೊಡುತ್ತವೆ. ಸ್ಪಾರ್ಕ್ಸ್ ಅವರ ಪಠ್ಯ ಸುಲಭವಾಗಿ ಸಿಗುತ್ತದೆಂದು ಅದನ್ನೇ ಉದ್ಧರಿಸಿದರೆ, ನಾವು ಉದ್ಧರಿಸುವ ಮಾತು ವಾಷಿಂಗ್ಟನ್ ಅವರದೋ ಸ್ಪಾರ್ಕ್ಸ್ ಅವರದೋ ಎಂದು ಪರೀಕ್ಷಕರು ಕೇಳಿದಾಗ ಉತ್ತರ ಕೊಡಲಾಗುವುದಿಲ್ಲ.