ಎಂಜಿನ್ ಬದಲಾದ ಮೇಲೆ ಟಕ್ ಟಕ್: ಸದ್ದು ಯಾವುದರ ಜೊತೆ ಓಡುತ್ತಿದೆ?

ಬೇರೆ ಎಂಜಿನ್ ಕೂರಿಸಿದ ಕಾರಿನಲ್ಲಿ ಸದ್ದು ಬಂತು ಅಂದ್ರೆ ಎಲ್ಲರೂ ಬೈಯುವುದು ಎಂಜಿನ್ನನ್ನೇ. ಆದರೆ ಅದನ್ನು ಇಳಿಸಿ ಏರಿಸುವಾಗ ಮೌಂಟು (ಎಂಜಿನ್ನನ್ನು ಹೊತ್ತು ಕೂರಿಸುವ ರಬ್ಬರ್ ಆಸರೆ), ಎಕ್ಸಾಸ್ಟ್ ಪೈಪು, ಅದರ ಶಾಖ ತಡೆಯುವ ತಗಡು ಅಂದರೆ ಹೀಟ್ ಶೀಲ್ಡ್, ಬೆಲ್ಟು, ಏಸಿ ಪೈಪು ಎಲ್ಲಕ್ಕೂ ಕೈ ಹಾಕಿರುತ್ತಾರೆ, ಅಲ್ವಾ? ಮೊದಲ ಅನುಮಾನ ಅವುಗಳ ಮೇಲಿರಲಿ.

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ರೇಸ್ ಕೊಡಿ. ಸದ್ದೂ ಜೊತೆಗೇ ಏರಿದರೆ ಎಂಜಿನ್ನಿನ ಸುತ್ತಮುತ್ತ ಹುಡುಕಿ. ಗಾಡಿ ಓಡುವಾಗ ಮಾತ್ರ ಬಂದರೆ ಡ್ರೈವ್ ಶಾಫ್ಟು, ಚಕ್ರ ನೋಡಿ. ಎಳೆತ ಬಿದ್ದಾಗ ಮಾತ್ರ ಅಂದ್ರೆ ಮೌಂಟನ್ನೂ ಸೇರಿಸಿಕೊಳ್ಳಿ.

ಈಗ ಲೆಕ್ಕ. ಐಡಲ್, ಅಂದರೆ ರೇಸ್ ಕೊಡದೆ ಓಡುವ ವೇಗ, ನಿಮಿಷಕ್ಕೆ 900 ಸುತ್ತು (ಆರ್‌ಪಿಎಂ) ಇದ್ದರೆ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ ಸೆಕೆಂಡಿಗೆ 15 ಸುತ್ತು ಹಾಕುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟು ಅದರ ಅರ್ಧ, ಅಂದರೆ 7.5. ಕಿವಿಯಲ್ಲಿ ಎಣಿಸಲು ಆಗುವುದಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆ ರೆಕಾರ್ಡನ್ನು ನಿಧಾನಕ್ಕೆ ಓಡಿಸಿ ಎಣಿಸಿ. ಅಸಲಿ ಒಂದು ಸೆಕೆಂಡಿಗೆ 7.5ರ ಹತ್ತಿರ ಬಂದರೆ ವಾಲ್ವ್ ಕಡೆ ಇರಬಹುದು. ಹಾಗಂತ ಕೂಡಲೇ ಹೆಡ್ (ವಾಲ್ವ್ ಇರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚಬೇಡಿ. ಒಂದು ಸಿಲಿಂಡರಿನ ಎಕ್ಸಾಸ್ಟ್ ಗ್ಯಾಸ್ಕೆಟ್ (ಜೋಡಣೆಯಲ್ಲಿ ಹೊಗೆ ಸೋರದಂತೆ ಹಾಕುವ ಪಟ್ಟಿ) ಸೋರಿದರೂ ಇದೇ ಲೆಕ್ಕ ಸಿಗುತ್ತದೆ! ಗ್ಯಾಸ್ಕೆಟ್ ಸದ್ದು ಸಾಮಾನ್ಯವಾಗಿ ಬೆಳಗ್ಗೆ ತಣ್ಣಗಿದ್ದಾಗ ಜಾಸ್ತಿ. ಕಬ್ಬಿಣ ಬಿಸಿಯಾಗಿ ಹಿಗ್ಗಿದ ಹಾಗೆ ಕಡಿಮೆಯಾಗುತ್ತದೆ. ಸೋರುವ ಜಾಗದಲ್ಲಿ ಕಪ್ಪು ಮಸಿಯೂ ಕಾಣಬಹುದು.

ಆಟೋಮ್ಯಾಟಿಕ್ ಗಾಡಿಯಲ್ಲಿ ನಿಜವಾದ ಮೋಸಗಾರ ಫ್ಲೆಕ್ಸ್‌ಪ್ಲೇಟು, ಅಂದರೆ ಕ್ರ್ಯಾಂಕನ್ನು ಗೇರ್‌ಬಾಕ್ಸ್ ಕಡೆಯ ಟಾರ್ಕ್ ಕನ್ವರ್ಟರಿಗೆ ಜೋಡಿಸುವ ತೆಳು ತಟ್ಟೆ. ಅದು ಬಿರುಕು ಬಿಟ್ಟರೆ, ಇಲ್ಲವೇ ಟಾರ್ಕ್ ಕನ್ವರ್ಟರ್ ಬೋಲ್ಟು ಸಡಿಲವಿದ್ದರೆ, ಥೇಟ್ ಎಂಜಿನ್ನಿನ ಒಳಗಿನ ಬೇರಿಂಗ್ ಹೋದ ಸದ್ದು. ಎಂಜಿನ್ ಆಫ್ ಮಾಡಿ, ಬ್ಯಾಟರಿ ಕಳಚಿ, ಕೆಳಗಿನ ಕಿಂಡಿಯಿಂದ ನೋಡುತ್ತಾ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ. ಒಂದೊಂದು ಬೋಲ್ಟಿಗೂ ಸ್ಪ್ಯಾನರ್ ಹಾಕಿ. ಬೋಲ್ಟಿನ ರಂಧ್ರಗಳ ಸುತ್ತ ಕೂದಲೆಳೆಯಂಥ ಗೆರೆ ಇದೆಯಾ ನೋಡಿ. ಮ್ಯಾನುಯಲ್ ಗೇರಿನ ಗಾಡಿಯಾದರೆ ಕ್ಲಚ್ ಒತ್ತಿ. ಒತ್ತಿದಾಗ ಸದ್ದು ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗ್, ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಕಡೆ.

ಟಕ್ ಅಲ್ಲ, ಬರೀ ಗುಂಯ್ ಅನ್ನುತ್ತಿದೆಯಾ? ಮೌಂಟನ್ನು ತಿರುಚಿದ ಹಾಗೇ ಬಿಗಿದಿರಬಹುದು. ಎಂಜಿನ್ನಿಗೆ ಜ್ಯಾಕ್ ಆಸರೆ ಕೊಟ್ಟು, ಬೋಲ್ಟು ಸಡಿಲಿಸಿ, ಅದು ತಾನಾಗಿ ಕೂತ ಮೇಲೆ ಸರ್ವಿಸ್ ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿಯಿರಿ. ಏಸಿ ಪೈಪು ಗಾಡಿಯ ಮೈಗೆ ತಾಗಿದ್ದರೂ ಇದೇ ಗುಂಯ್. ಅದಕ್ಕೆ ಕ್ಲಿಪ್ ಸರಿ ಮಾಡಿದರೆ ಸಾಕು.

ಇಷ್ಟೆಲ್ಲ ಹುಡುಕಾಟ ಎಂಜಿನ್ ಓಡುವಾಗ ಡ್ಯಾಶ್‌ಬೋರ್ಡಿನ ಆಯಿಲ್ ಒತ್ತಡದ ಲೈಟ್ ಆರಿದ್ದರೆ ಮಾತ್ರ. ಉರಿಯುತ್ತಿದ್ದರೆ ಕೂಡಲೇ ಆಫ್ ಮಾಡಿ, ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಿರಿ. ಆಯಿಲ್ ಸರಿಯಿದ್ದೂ ಲೈಟ್ ಹತ್ತಿದರೆ, ಒತ್ತಡ ನೋಡುವ ಗೇಜ್ ಹಾಕದೆ ಸ್ಟಾರ್ಟ್ ಮಾಡಬೇಡಿ.