ಸರ್ಪಗಂಧಿಯ ಬೇರು ಮತ್ತು ಹೃದಯದ ಬಡಿತ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆಯ ಗುಡ್ಡೆಗಳಲ್ಲಿ ಮರಗಳ ನೆರಳು ಹಿಡಿದು ಮೊಣಕಾಲೆತ್ತರಕ್ಕೆ ಬೆಳೆಯುವ ಸರ್ಪಗಂಧಿಯನ್ನು ನಾಟಿವೈದ್ಯದಲ್ಲಿ ಹಾವು ಕಡಿತಕ್ಕೂ ನಿದ್ದೆಗೇಡಿಗೂ ಮದ್ದೆನ್ನುತ್ತಾರೆ. ಹಾವಿನ ವಿಷವನ್ನು ಅದು ಇಳಿಸದು. ಅದಕ್ಕೆ ಆಸ್ಪತ್ರೆಯ ಪ್ರತಿವಿಷವೇ ಬೇಕು. ಆದರೆ ಹೃದಯದ ಮೇಲೆ ಈ ಬೇರಿಗಿರುವ ಹಿಡಿತ ಮಾತ್ರ ನಿಜ.

ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು ಅಧಿಕ ರಕ್ತದೊತ್ತಡದ ರೋಗಿಗಳಿಗೆ ಇದನ್ನು ಕೊಟ್ಟು ಕಂಡ ಫಲವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಆಲ್ಕಲಾಯ್ಡನ್ನು (ಗಿಡಗಳಲ್ಲಿ ಹುಟ್ಟುವ, ದೇಹದ ಮೇಲೆ ಪ್ರಬಲವಾಗಿ ಕೆಲಸ ಮಾಡುವ ರಾಸಾಯನಿಕ) ಬೇರ್ಪಡಿಸಿದರು. ಹೃದಯಕ್ಕೂ ರಕ್ತನಾಳಗಳಿಗೂ ಬರುವ ನರಗಳ ತುದಿಯಲ್ಲಿ ಬಡಿತ ಚುರುಕುಗೊಳಿಸಿ ರಕ್ತನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸಣ್ಣ ಸಣ್ಣ ಚೀಲಗಳಂಥ ಕೋಶಿಕೆಗಳೊಳಗೆ ದಾಸ್ತಾನಿರುತ್ತದೆ. ಅದನ್ನು ಒಳಗೆ ತುಂಬುವ ಪ್ರೋಟೀನನ್ನೇ ರಿಸರ್ಪಿನ್ ಕಟ್ಟಿಹಾಕುವುದರಿಂದ ಹೊರಗುಳಿದ ನಾರ್‌ಅಡ್ರಿನಲಿನ್ ಕಿಣ್ವಕ್ಕೆ ಸಿಕ್ಕಿ ನಾಶವಾಗುತ್ತದೆ, ದಾಸ್ತಾನು ಬರಿದಾಗುತ್ತದೆ, ನರದ ಸಂದೇಶ ಬಂದರೂ ಬಿಡುಗಡೆಯಾಗಲು ಏನೂ ಇರುವುದಿಲ್ಲ. ರಕ್ತನಾಳಗಳು ಸಡಿಲಗೊಂಡು, ಬಡಿತ ನಿಧಾನವಾಗಿ, ಒತ್ತಡ ಇಳಿಯುತ್ತದೆ. ಮಿದುಳಿನ ದಾಸ್ತಾನಿಗೂ ಇದೇ ಗತಿಯಾಗುವುದರಿಂದ ಮಂಪರು, ಕೆಲವರಲ್ಲಿ ಖಿನ್ನತೆ, ಮೂಗಿನ ರಕ್ತನಾಳಗಳು ಸಡಿಲಗೊಳ್ಳುವುದರಿಂದ ಮೂಗು ಕಟ್ಟುವುದು ಜೊತೆಗೇ ಬರುತ್ತವೆ. ಹೊಸ ಔಷಧಗಳು ಬಂದಂತೆ ಇದು ಹಿಂದೆ ಸರಿಯಲು ಇದೂ ಒಂದು ಕಾರಣ.

ನನಗೆ ಇದಕ್ಕಿಂತ ಕುತೂಹಲಕರವೆನಿಸುವುದು ಅದೇ ಬೇರಿನ ಇನ್ನೊಂದು ಆಲ್ಕಲಾಯ್ಡ್. ದಿಲ್ಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅವರು 1931ರಲ್ಲೇ ಪ್ರತ್ಯೇಕಿಸಿ, ಯುನಾನಿ ವೈದ್ಯ ಹಕೀಂ ಅಜ್ಮಲ್ ಖಾನರ ಹೆಸರಿಟ್ಟ ಅಜ್ಮಲಿನ್, ನರದ ಗೊಡವೆಗೆ ಹೋಗದೆ ಹೃದಯಸ್ನಾಯುವಿನ ಜೀವಕೋಶಗಳೊಳಗೆ ಸೋಡಿಯಂ ಬಿಟ್ಟು ವಿದ್ಯುತ್ ಸಂಕೇತ ಹುಟ್ಟಿಸುವ ಸೋಡಿಯಂ ದ್ವಾರಗಳನ್ನೇ ತಡೆದು ವಿದ್ಯುತ್ ಸಂಚಾರವನ್ನು ನಿಧಾನಗೊಳಿಸುತ್ತದೆ. ಆರೋಗ್ಯವಂತರಂತೆ ಕಾಣುವವರೂ ನಿದ್ದೆಯಲ್ಲೇ ಸಾಯುವ ಬ್ರುಗಾಡಾ ಸಿಂಡ್ರೋಮ್ ಎಂಬ ಕಾಯಿಲೆಯಲ್ಲಿ ಇಸಿಜಿ ಎಷ್ಟೋ ಸಲ ಸಹಜವಾಗಿಯೇ ಇರುತ್ತದೆ. ಆಗ ಆಸ್ಪತ್ರೆಯಲ್ಲಿ, ಕೈಗೆಟಕುವಂತೆ ಡಿಫಿಬ್ರಿಲೇಟರ್ (ವಿದ್ಯುತ್ ಆಘಾತ ಕೊಟ್ಟು ತಪ್ಪಿದ ಬಡಿತವನ್ನು ಸರಿಪಡಿಸುವ ಯಂತ್ರ) ಇಟ್ಟುಕೊಂಡು, ಅಜ್ಮಲಿನನ್ನು ರಕ್ತನಾಳಕ್ಕೆ ಕೊಟ್ಟರೆ ಅಡಗಿದ್ದ ಲಕ್ಷಣ ಇಸಿಜಿಯಲ್ಲಿ ಮೇಲೇಳುತ್ತದೆ.

ಬೇರಿನಲ್ಲಿ ಇಂಥ 50ಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿದ್ದು, ಅವುಗಳ ಪ್ರಮಾಣ ಮಣ್ಣು, ಋತು, ಗಿಡದ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಗುಡ್ಡೆಯಿಂದ ಕಿತ್ತು ತಂದ ಬೇರಿನ ಒಂದು ಚಮಚ ಪುಡಿಯಲ್ಲಿ ಎಷ್ಟು ರಿಸರ್ಪಿನ್ ಇದೆಯೆಂದು ನೋಡಿ ಹೇಳಲಾಗದು. ಬಿ.ಪಿ.ಗೆಂದು ಬೀಟಾ ಬ್ಲಾಕರ್ ಅಥವಾ ಹೃದಯಕ್ಕೆಂದು ಡಿಗಾಕ್ಸಿನ್ ನುಂಗುತ್ತಿರುವವರು ಇದನ್ನೂ ಸೇರಿಸಿಕೊಂಡರೆ ನಾಡಿ ಅಪಾಯದ ಮಟ್ಟಕ್ಕೆ ಕುಸಿಯಬಹುದು; ಕೋಶಿಕೆಗಳು ಮತ್ತೆ ತುಂಬಿಕೊಳ್ಳುವವರೆಗೆ, ಎಂದರೆ ಪುಡಿ ನಿಲ್ಲಿಸಿ ಹಲವು ದಿನ ಕಳೆದರೂ, ಆ ಪರಿಣಾಮ ಪೂರ್ತಿ ಹೋಗುವುದಿಲ್ಲ.